ಕ್ವಾಮೆನಾನ ಎಡಗಿವಿ

ಸಾವಿನ ಪೋಸ್ಟರ್ ಅಂಟಿಸಿದ ಬೆಳಿಗ್ಗೆ ಅರಾಬಾ ಮೀನು ಮಾರುಕಟ್ಟೆಯ ಗೋಡೆಯ ಮುಂದೆ ನಿಂತು, ಪಕ್ಕದ ಬುಟ್ಟಿಯವಳನ್ನು ಇದು ಯಾರು ಸತ್ತದ್ದು ಎಂದು ಕೇಳಿದಳು. ಬುಟ್ಟಿಯವಳು ಅವಳ ಮೈಮೇಲಿನ ಕಪ್ಪು ಬಟ್ಟೆಯನ್ನೂ ಗೋಡೆಯನ್ನೂ ಎರಡೆರಡು ಸಲ ನೋಡಿ, ನಿಮ್ಮ ತಮ್ಮನೇ ಅಲ್ಲವೇನಮ್ಮ ಎಂದು ಮೆಲ್ಲಗೆ ಹೇಳಿ, ಬಿಸಿಲಿಗೆ ಹೀಗಾಗುತ್ತದೆ ಎಂದು ಕುಡಿಯಲು ನೀರು ಕೊಟ್ಟಳು. ಅರಾಬಾ ನೀರು ಕುಡಿದಳು. ಬಿಸಿಲಿನ ತಪ್ಪೇನೂ ಇರಲಿಲ್ಲ. ಹೆಸರು ತಮ್ಮನದೇ: ಕ್ವಾಮೆನಾ ಅಬೈದೂ, ನಿವೃತ್ತ ಜಿಲ್ಲಾ ಶಿಕ್ಷಣಾಧಿಕಾರಿ, ಎಪ್ಪತ್ನಾಲ್ಕು ವರ್ಷ. ಕನ್ನಡಕ ಅವನದೇ, ಟೈ ಅವನದೇ. ಎಡಗಿವಿ ಮಾತ್ರ ಬೇರೆ ಯಾರದೋ.

ಕ್ವಾಮೆನಾನ ಎಡಗಿವಿ ಬಲಗಿವಿಗಿಂತ ದೊಡ್ಡದು. ತಲೆಗೆ ಒರಗಿಕೊಳ್ಳದೆ, ತುದಿ ಮೇಲಕ್ಕೆದ್ದು, ದೂರದಲ್ಲಿ ಯಾರೋ ಕರೆದದ್ದನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಂಡವರ ಹಾಗೆ ಅದು ನಿಂತಿರುತ್ತಿತ್ತು. ಊರಿನ ಮಕ್ಕಳು ಅವನನ್ನು ಬೆನ್ನ ಕಡೆಯಿಂದಲೇ ಗುರುತಿಸಿ ಚೆಂಡು ಬಚ್ಚಿಟ್ಟು ಪುಸ್ತಕ ತೆಗೆಯುತ್ತಿದ್ದರು. ಪೋಸ್ಟರಿನಲ್ಲಿ ಎರಡೂ ಕಿವಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತಲೆಗೆ ಅಂಟಿಕೊಂಡಿದ್ದವು.

ಅಲ್ಲಿಂದ ಅವಳು ನೇರವಾಗಿ ಕುಲದ ಮನೆಗೆ ನಡೆದಳು. ಆ ಕರಾವಳಿಯಲ್ಲಿ ಸತ್ತವನು ತಾಯಿಯ ಕುಲಕ್ಕೆ ಸೇರಿದವನು. ಮಕ್ಕಳು ಅಳಬಹುದು, ಓಡಾಡಬಹುದು. ಹೇಗೆ ಹೂಳಬೇಕು ಎಂದು ಹೇಳುವವನು ಕುಲದ ಯಜಮಾನ. ಈಗಿನ ಯಜಮಾನ ಒಟೂ, ಅರಾಬಾಳ ದೊಡ್ಡಮ್ಮ ಎಸ್ಸಿಯ ಕಡೆಯ ಮಗ. ಊರವರಿಗೆಲ್ಲ ಎಗ್ಯಾ ಒಟೂ, ಅಂದರೆ ಅಪ್ಪ ಒಟೂ. ಅರಾಬಾಳಿಗೆ ಬರೀ ಒಟೂ. ಅವನು ಹುಟ್ಟಿದಾಗ ಅವನ ಲಂಗೋಟಿ ಒಗೆದವಳೇ ಅವಳು. ಅದನ್ನು ಅವಳು ಸಭೆಯಲ್ಲಿ ಹೇಳುವುದಿಲ್ಲ, ಆದರೆ ಹೇಳಬಲ್ಲಳು ಎಂಬುದು ಅವನಿಗೆ ಗೊತ್ತು.

ಜಗಲಿಯಲ್ಲಿ ಒಟೂನ ಪಕ್ಕ ಕ್ವಾಮೆನಾನ ಮಗ ಎಕೋ ಕುಳಿತಿದ್ದ. ರಾಜಧಾನಿ ಆಕ್ರಾದಲ್ಲಿ ವಕೀಲ. ಅಪ್ಪನ ಶವಸಂಸ್ಕಾರದಲ್ಲಿ ಮಗನಿಗೆ ಹೆಚ್ಚಿನ ಅಧಿಕಾರವಿಲ್ಲವಾದರೂ ಕಂಪ್ಯೂಟರ್ ತಂದವನು ಅವನಾದ್ದರಿಂದ, ಶನಿವಾರ ಚರ್ಚಿನಲ್ಲಿ ಹಂಚುವ ಪುಸ್ತಿಕೆಯನ್ನು ಅವನಿಗೆ ಬಿಟ್ಟಿದ್ದರು. ಅರಾಬಾ ಕಿವಿಯ ವಿಷಯ ಕೇಳಿದಾಗ ಅವನು ಸಂತೋಷದಿಂದಲೇ ವಿವರಿಸಿದ. ಅಚ್ಚಿನ ಅಂಗಡಿಯ ಹೆಂಗಸು ತುಂಬ ಜಾಣೆ, ಬಲಗಿವಿಯನ್ನೇ ತಿರುಗಿಸಿ ಎಡಕ್ಕೆ ಕೂರಿಸಿದ್ದಾಳೆ, ಹೇಳದಿದ್ದರೆ ಗೊತ್ತೇ ಆಗುವುದಿಲ್ಲ.

"ಚೆನ್ನಾಗಿ ಬಂದಿದೆ ಅಲ್ವಾ ಅತ್ತೆ?"

"ಚೆನ್ನಾಗಿದೆ. ನಿಮ್ಮಪ್ಪ ಅಲ್ಲ, ಅಷ್ಟೇ."

ಎಕೋ ನಕ್ಕ. ಅವಳು ನಗಲಿಲ್ಲವೆಂದು ನೋಡಿ ಪುಸ್ತಿಕೆಯ ಕರಡನ್ನು ಓದಲು ಶುರುಮಾಡಿದ. ಬಾಲ್ಯದಿಂದಲೇ ಅಸಾಧಾರಣ ಪ್ರತಿಭೆ ತೋರಿದ ದಿವಂಗತರು ತಮ್ಮ ಐದನೆಯ ವಯಸ್ಸಿನಲ್ಲೇ, ಓರಗೆಯವರಿಗಿಂತ ಮೊದಲು, ಶಾಲೆಗೆ ಸೇರಿದರು. ಅಲ್ಲಿಗೆ ಅರಾಬಾ ಕೈಯೆತ್ತಿ ನಿಲ್ಲಿಸಿದಳು.

ಎಂಟು ವರ್ಷ, ಎಂದಳು. ಅದೂ ನಾಲ್ಕನೆಯ ಸಲಕ್ಕೆ.

ಆ ಕಾಲದಲ್ಲಿ ಮಕ್ಕಳಿಗೆ ಹುಟ್ಟಿದ ವಾರ ಹೆಸರಿನಲ್ಲೇ ಇರುತ್ತಿತ್ತು, ವರ್ಷ ಇರುತ್ತಿರಲಿಲ್ಲ. ಮಂಗಳವಾರ ಹುಟ್ಟಿದವಳು ಅರಾಬಾ, ಶನಿವಾರ ಹುಟ್ಟಿದವನು ಕ್ವಾಮೆನಾ. ಅದಕ್ಕಿಂತ ಹೆಚ್ಚಿನದನ್ನು ಯಾರೂ ಬರೆದಿಡುತ್ತಿರಲಿಲ್ಲ. ಆದ್ದರಿಂದ ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಕೇಳುತ್ತಿರಲಿಲ್ಲ, ಕೈ ಎತ್ತಿಸುತ್ತಿದ್ದರು. ಬಲಗೈಯನ್ನು ತಲೆಯ ಮೇಲಿಂದ ಬಳಸಿ ತಂದು ಎಡಗಿವಿ ಮುಟ್ಟಬೇಕು. ಬೆರಳು ಮುಟ್ಟಿದರೆ ಮಗುವಿಗೆ ಆರು ತುಂಬಿದೆ, ಒಳಗೆ. ಮುಟ್ಟದಿದ್ದರೆ ತುಂಬಿಲ್ಲ, ಮುಂದಿನ ವರ್ಷ ಬಾ. ಈ ಲೆಕ್ಕ ಬಹುಪಾಲು ಮಕ್ಕಳಿಗೆ ಸರಿಯಾಗಿಯೇ ಹೊಂದುತ್ತಿತ್ತು. ಅರಾಬಾಳ ಬೆರಳು ಕಿವಿ ದಾಟಿ ಕೆನ್ನೆಗೂ ಹೋಗಿತ್ತು. ಎರಡು ವರ್ಷ ಬಿಟ್ಟು ಕ್ವಾಮೆನಾನ ಸರದಿ ಬಂದಾಗ ಅವನ ಬೆರಳು ನೆತ್ತಿ ದಾಟಿ ಕೂದಲಲ್ಲೇ ನಿಂತುಬಿಟ್ಟಿತು. ಅವನಿಗೆ ಆರು ತುಂಬುತ್ತಿತ್ತು. ಕೈ ಗಿಡ್ಡ, ಅಷ್ಟೇ. ಆದರೆ ಕ್ವಾನ್ಸಾ ಮೇಷ್ಟ್ರಿಗೆ ಗಿಡ್ಡ ಕೈ ಎಂಬ ವಿಷಯ ಗೊತ್ತಿರಲಿಲ್ಲ. ಅವರಿಗೆ ಸಣ್ಣ ವಯಸ್ಸು ಮಾತ್ರ ಗೊತ್ತಿತ್ತು.

ಮರುವರ್ಷ ಅವನು ತಲೆ ವಾಲಿಸಿ ನೋಡಿದ. ಮೇಷ್ಟ್ರು ಬೆತ್ತದ ತುದಿಯಿಂದ ತಲೆಯನ್ನು ನೆಟ್ಟಗೆ ಮಾಡಿ, ಮುಂದಿನ ವರ್ಷ ಬಾ ಎಂದರು. ಅದರ ಮರುವರ್ಷ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿದ್ದ ಹುಡುಗ, ತನ್ನ ಎದೆಯೆತ್ತರದ ಮಕ್ಕಳ ಸಾಲಿನಲ್ಲಿ ನಿಂತು ಕೈ ಎತ್ತಿದ. ಮುಂದಿನ ವರ್ಷ ಬಾ. ಆ ಮಾರ್ಚಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಊರೆಲ್ಲ ಹೊಸ ಬಾವುಟ ಹಿಡಿದು ಸಮುದ್ರದ ದಂಡೆಯಲ್ಲಿ ಕುಣಿಯಿತು. ಕ್ವಾಮೆನಾನೂ ಕುಣಿದ. ಹೊಸ ಸರಕಾರ ಕಿವಿಯ ಕಾನೂನು ತೆಗೆದುಹಾಕುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ತೆಗೆಯಲಿಲ್ಲ.

ಇಷ್ಟನ್ನು ಅರಾಬಾ ಜಗಲಿಯಲ್ಲಿ ಹೇಳಿದಳು. ಒಟೂ ಮೊಣಕಾಲು ತಿಕ್ಕಿಕೊಳ್ಳುತ್ತ ಕೇಳಿದ. ಶನಿವಾರ ಬಿಷಪ್ ಬರುತ್ತಾರೆ, ಶಿಕ್ಷಣ ಇಲಾಖೆಯಿಂದ ದೊಡ್ಡವರು ಬರುತ್ತಾರೆ; ಜಿಲ್ಲೆಯ ಶಾಲೆಗಳನ್ನೆಲ್ಲ ಆಳಿದವನು ಒಂದನೇ ಕ್ಲಾಸಿಗೇ ಮೂರು ಸಲ ಫೇಲಾದ ಎಂದು ಅಚ್ಚು ಹಾಕಿಸಿದರೆ ಕುಲದ ಮುಖ ಎಲ್ಲಿಟ್ಟುಕೊಳ್ಳುವುದು ಎಂದು ಅವನ ಪ್ರಶ್ನೆ.

"ಫೇಲ್ ಅಲ್ಲ ಕಣೋ. ಕೈ ಗಿಡ್ಡ."

"ಅಕ್ಕಾ, ಅದನ್ನ ಬೇರೆ ಬರೀಬೇಕಾ?"

"ಕಿವಿ ಹಿಡಿದು ಎಳೆದದ್ದು ನಿಮ್ಮಮ್ಮನೇ. ಅದನ್ನೂ ಬರಿ."

ಒಟೂ, ನಮ್ಮಮ್ಮನನ್ನು ಇದರಲ್ಲಿ ತರಬೇಡ ಎಂದ. ಆದರೆ ಅವನ ಅಮ್ಮ ಅದರಲ್ಲಿ ಮೊದಲಿನಿಂದಲೂ ಇದ್ದಳು. ಮೂರನೆಯ ಸಲ ಹುಡುಗ ಅಳುತ್ತ ಬಂದಾಗ ದೊಡ್ಡಮ್ಮ ಎಸ್ಸಿ ಅಂಗಳದಲ್ಲಿ ಕುಳಿತು, ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಉಂಡೆ ಮಾಡಿ ಕೆಂಕೆ ಕಡುಬಿಗೆ ಎಲೆ ಸುತ್ತುತ್ತಿದ್ದಳು. ಅದುವರೆಗೆ ಮನೆಯವರೆಲ್ಲ ಕೈಯ ಹಿಂದೆ ಬಿದ್ದಿದ್ದರು. ಬೆಳಿಗ್ಗೆ ಎಣ್ಣೆ ತಿಕ್ಕಿ ಎಳೆಯುವುದು, ಸಂಜೆ ಹಿತ್ತಲ ಸೀಬೆ ಮರದ ಕೊಂಬೆಗೆ ನೇತುಹಾಕುವುದು. ನೇತುಹಾಕುವ ಕೆಲಸ ಅರಾಬಾಳದು. ಅವನು ಬಾವಲಿಯಂತೆ ತೂಗಾಡುತ್ತ ಕೆಳಗಿಳಿಸು ಎನ್ನುವನು; ಅವಳು ಶಾಲೆಯಲ್ಲಿ ಕಲಿತ ಮಗ್ಗಿಯನ್ನು ಮುಗಿಸಿಯೇ ಇಳಿಸುವಳು. ಎರಡು ವರ್ಷದಲ್ಲಿ ಕೊಂಬೆ ಬಗ್ಗಿತು, ಕೈ ಬೆಳೆಯಲಿಲ್ಲ. ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಹುಡುಗನ ಗಲ್ಲ ಹಿಡಿದು ತಿರುಗಿಸಿ ನೋಡಿ, ಕೈ ಕಿವಿಗೆ ಬರದಿದ್ದರೆ ಕಿವಿ ಕೈಗೆ ಬರಲಿ ಎಂದಳು.

ಅಂದಿನಿಂದ ಆ ಓಣಿಯಲ್ಲಿ ಹಾದುಹೋದವರೆಲ್ಲ ಕ್ವಾಮೆನಾನ ಎಡಗಿವಿಯನ್ನು ಒಂದು ಸಲ ಮೇಲಕ್ಕೆ ಎಳೆದು ಹೋಗಬೇಕು ಎಂದಾಯಿತು. ಬಲೆ ಹೊತ್ತವರು ಎಳೆದರು, ಮೀನು ಕೊಳ್ಳಲು ಬಂದವರು ಎಳೆದರು, ಪಾದ್ರಿಯ ಹೆಂಡತಿ ಆಶೀರ್ವಾದ ಮಾಡಿ ಎಳೆದಳು. ಮನೆಯಲ್ಲಿ ಆ ಕೆಲಸ ಮತ್ತೆ ಅರಾಬಾಳದೇ. ಜನವರಿ ಬಂದಾಗ ಹುಡುಗ ಸಾಲಿನಲ್ಲಿ ನಿಂತು ಕೈ ಎತ್ತಿದ. ನಡುಬೆರಳ ಉಗುರು ಕಿವಿಯ ತುದಿಗೆ ತಗುಲಿತು. ಕೈ ಬೆಳೆದಿತ್ತೋ ಕಿವಿ ಬೆಳೆದಿತ್ತೋ, ಕ್ವಾನ್ಸಾ ಮೇಷ್ಟ್ರು ವಿಚಾರಿಸಲಿಲ್ಲ. ತಲೆಯೆತ್ತದೆಯೇ, ಸೋಮವಾರ ಬಾ ಎಂದರು.

ಕಿವಿ ಮಾತ್ರ ಹಾಗೇ ಉಳಿಯಿತು. ಕೈಯೂ ಹಾಗೇ ಉಳಿಯಿತು. ಅರಾಬಾ ದರ್ಜಿಯಾದ ಮೇಲೆ ಅರವತ್ತು ವರ್ಷ ಅವನ ಪ್ರತಿ ಅಂಗಿಯ ತೋಳನ್ನೂ ಒಳಕ್ಕೆ ಮಡಚಿ ಹೊಲಿದವಳು ಅವಳೇ.

ಒಟೂ ಒಪ್ಪಲಿಲ್ಲ. ಪುಸ್ತಿಕೆಯಲ್ಲಿ ಒಡಹುಟ್ಟಿದವರ ನುಡಿನಮನ ಎಂದು ಒಂದು ಪುಟ ಇದೆಯಲ್ಲ, ಅಲ್ಲಿ ನಿನ್ನ ಮಾತು ಹಾಕಿಸೋಣ ಎಂದು ಸಮಾಧಾನ ಮಾಡಿದ. ಅರಾಬಾ ಎಕೋನ ಎದುರು ಕುಳಿತು ಮರ, ಕೊಂಬೆ, ಕಿವಿ ಎಲ್ಲವನ್ನೂ ನಿಧಾನವಾಗಿ ಹೇಳಿದಳು; ಅವನು ಕಂಪ್ಯೂಟರಿನಲ್ಲಿ ಟಪಟಪ ಬಡಿದುಕೊಂಡ. ಗುರುವಾರ ಪುಸ್ತಿಕೆ ಅಚ್ಚಾಗಿ ಬಂತು. ಅವಳ ಪುಟದಲ್ಲಿ ಹೀಗಿತ್ತು: ಪ್ರೀತಿಯ ಸಹೋದರನೇ, ನೀನು ನಮ್ಮ ಕುಲದ ಕಂಬವಾಗಿದ್ದೆ.

ಅರಾಬಾ ಎರಡು ಸಲ ಓದಿದಳು. ಕಂಬ ಎಂದದ್ದು ಸರಿಯೇ, ಕಂಬಕ್ಕೆ ಕೈಯೂ ಇಲ್ಲ ಕಿವಿಯೂ ಇಲ್ಲ ಎಂದಳು. ಎಕೋ, ಒಟೂ ಚಿಕ್ಕಪ್ಪ ತಿದ್ದಿದರು ಅತ್ತೆ ಎಂದು ನೆಲ ನೋಡಿದ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು. ಆದರೆ ಆ ಕಥೆಯನ್ನು ಅವನು ಪೂರ್ತಿ ನಂಬಿರಲೂ ಇಲ್ಲ. ಅಪ್ಪ ಅದನ್ನು ಯಾವತ್ತೂ ಹೇಳಿರಲಿಲ್ಲ. ಕಿವಿ ಹೀಗೇಕೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ, ಕೇಳಿಸಿಕೊಳ್ಳುವುದಕ್ಕೆ ಎಂದಿದ್ದನಂತೆ.

ಅರಾಬಾಳಿಗೆ ಆ ದಿನ ಒಂದು ವಿಷಯ ಸ್ಪಷ್ಟವಾಯಿತು. ಅಮ್ಮ ಇಲ್ಲ, ದೊಡ್ಡಮ್ಮ ಇಲ್ಲ, ಓಣಿಯಲ್ಲಿ ಕಿವಿ ಎಳೆದವರು ಒಬ್ಬರೂ ಇಲ್ಲ. ಸೀಬೆ ಮರವನ್ನು ಕಡಿದು ಅಲ್ಲಿ ಒಟೂ ಕಾರಿನ ಶೆಡ್ಡು ಕಟ್ಟಿಸಿದ್ದಾನೆ. ಐದು ವರ್ಷಕ್ಕೇ ಶಾಲೆ ಸೇರಿದ ಹುಡುಗ ಊರಿನ ಮನೆಮನೆಯ ಕಪಾಟಿನಲ್ಲಿ ಅಚ್ಚಾಗಿ ಕುಳಿತಿರುತ್ತಾನೆ. ಕೊಂಬೆಗೆ ತೂಗಾಡಿದ ಹುಡುಗ ಅವಳ ತಲೆಯಲ್ಲಿ ಮಾತ್ರ ಇದ್ದಾನೆ, ಮತ್ತು ಅವಳ ತಲೆಗೆ ಎಪ್ಪತ್ತಾರು ವರ್ಷವಾಗಿದೆ. ಅವಳು ಹೋದ ದಿನ ಅವನೂ ಹೋದ.

ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯ ಶವಾಗಾರದಿಂದ ಶವ ಮನೆಗೆ ಬಂತು. ಮೀಯಿಸಿ ಉಡಿಸಲು ಕುಲದ ಹೆಂಗಸರು ಸೇರಿದರು. ಅಲಂಕಾರಕ್ಕೆ ಪಟ್ಟಣದಿಂದ ಒಬ್ಬಳು ಬಂದಿದ್ದಳು. ಎಕೋ ತಂದ ಹೊಸ ಕೋಟಿನ ತೋಳು ಕ್ವಾಮೆನಾನ ಬೆರಳ ತುದಿಯವರೆಗೂ ಇಳಿದಿತ್ತು. ಅರಾಬಾ ಸೂಜಿ ದಾರ ತಂದೇ ಇದ್ದಳು. ಯಾರನ್ನೂ ಕೇಳದೆ ಮಂಚದ ಅಂಚಿನಲ್ಲಿ ಕುಳಿತು ಎರಡೂ ತೋಳು ಮಡಚಿ ಹೊಲಿದಳು. ಮಾಮೂಲಿ ಅಳತೆ, ಹೊಸದಾಗಿ ಅಳೆಯಬೇಕಿರಲಿಲ್ಲ. ಹೊಲಿದು ತಲೆಯೆತ್ತಿದಾಗ ಕಿವಿ ಕಂಡಿತು. ಅಲಂಕಾರದವಳು ಅದನ್ನು ಏನೋ ಅಂಟು ಹಾಕಿ ತಲೆಗೆ ಒತ್ತಿ ಕೂರಿಸಿದ್ದಳು. ಪೋಸ್ಟರಿಗೆ ಹೊಂದಬೇಕಲ್ಲ ಅಮ್ಮಾ, ಯಜಮಾನರೇ ಹೇಳಿದ್ದು ಎಂದಳು. ಅರಾಬಾ ಕೈ ಚಾಚಿದಾಗ ಆಕೆ ವಿನಯದಿಂದಲೇ ತಡೆದಳು. ಅವಳದೂ ತಪ್ಪಿಲ್ಲ. ಯಜಮಾನ ಹೇಳಿದ ಮೇಲೆ ಮುಗಿಯಿತು.

ಯಜಮಾನನ ಮಾತು ನಡೆಯದ ಜಾಗ ಒಂದೇ ಒಂದಿತ್ತು.

ಶನಿವಾರ ಬೆಳಿಗ್ಗೆ ಪೆಟ್ಟಿಗೆ ಮುಚ್ಚುವ ಮೊದಲು ರಕ್ತಸಂಬಂಧಿಗಳು ಒಬ್ಬೊಬ್ಬರಾಗಿ ಹೋಗಿ, ಒಂದು ಕರವಸ್ತ್ರವನ್ನೋ ನೀರನ್ನೋ ಇಟ್ಟು, ಸತ್ತವನ ಜೊತೆ ಮಾತಾಡಿ ಬರುತ್ತಾರೆ. ಆ ಕಡೆ ಇರುವವರಿಗೆ ಸುದ್ದಿ ಕಳಿಸುವುದು ಆಗಲೇ. ಸತ್ತವನ ಜೊತೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಯಜಮಾನನಿರಲಿ, ಪಾದ್ರಿಯೂ ಕೈಕಟ್ಟಿ ನಿಲ್ಲಬೇಕು. ಹೆಚ್ಚಿನವರು ಚುಟುಕಾಗಿ ಮುಗಿಸುತ್ತಾರೆ. ಅಮ್ಮನಿಗೆ ನಮಸ್ಕಾರ ಹೇಳು. ಮೊಮ್ಮಗಳಿಗೆ ಮದುವೆ ಆಗಲಿ ಅಂತ ಕೇಳು. ನನ್ನನ್ನು ಇಷ್ಟು ಬೇಗ ಕರೀಬೇಡ. ಒಟೂ ಮಾತಾಡಿದ, ಎಕೋ ಮಾತಾಡಲು ಹೋಗಿ ಆಗದೆ ಬಂದ. ಕೊನೆಗೆ ಅರಾಬಾ ಎದ್ದಳು. ಬಡಗಿ ಎಬೋ ಮುಚ್ಚಳ ಹಿಡಿದು ಗೋಡೆಗೊರಗಿ ನಿಂತಿದ್ದ. ಹೊರಗೆ ಬಿಷಪ್ಪರ ಕಾರು ಬಂದ ಸದ್ದಾಯಿತು.

"ಕ್ವಾಮೆನಾ, ನಾನು ಅರಾಬಾ," ಎಂದು ಅವಳು ಶುರುಮಾಡಿದಳು. "ಅಮ್ಮಂಗೆ, ದೊಡ್ಡಮ್ಮಂಗೆ ಕೇಳಿದೆ ಅಂತ ಹೇಳು. ದೊಡ್ಡಮ್ಮ ನಿನ್ನ ಗುರುತು ಹಿಡೀದಿದ್ರೆ ಗಾಬರಿ ಆಗ್ಬೇಡ. ನಿನ್ನ ಕಿವಿ ಅಂಟಿಸ್ಬಿಟ್ಟಿದಾರೆ. ಇರು."

ಅವಳು ಬಗ್ಗಿ, ಉಗುರಿನಿಂದ ಅಂಟು ಬಿಡಿಸಿ, ಎಡಗಿವಿಯನ್ನು ಹಿಡಿದು ಮೇಲಕ್ಕೆ ಎಳೆದಳು. ಅದು ಎದ್ದು ನಿಂತಿತು. ಒಟೂ ಕೆಮ್ಮಿದ. ಕೆಮ್ಮಬಹುದು, ಅದಕ್ಕೆ ಅಡ್ಡಿಯಿಲ್ಲ.

"ಐದು ವರ್ಷಕ್ಕೇ ನೀನು ಸ್ಕೂಲಿಗೆ ಸೇರಿದೆ ಅಂತ ಪುಸ್ತಕ ಹಾಕ್ಸಿದಾರೆ. ಅಲ್ಲಿ ಕ್ವಾನ್ಸಾ ಮೇಷ್ಟ್ರು ಸಿಗ್ತಾರೆ. ಅವರಿಗೆ ತೋರಿಸ್ಬೇಡ."

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು, ಅವನಿಗೇ ನೆನಪಿಸುವಂತೆ. ಮೂರು ಸಲ ಮನೆಗೆ ಬಂದದ್ದು, ಕೊಂಬೆ ಬಗ್ಗಿದ್ದು, ಪಾದ್ರಿಯ ಹೆಂಡತಿಯ ಆಶೀರ್ವಾದ. ಒಂದನೇ ಕ್ಲಾಸಿನ ಫೋಟೋದಲ್ಲಿ ಅವನೊಬ್ಬನೇ ಎತ್ತರವಾಗಿ, ಯಾರದೋ ಅಣ್ಣನನ್ನು ಕರೆತಂದು ನಿಲ್ಲಿಸಿದ ಹಾಗೆ ಕಂಡದ್ದು. ಜಗಲಿಯಲ್ಲಿ ಹೇಳದೆ ಉಳಿದದ್ದೂ ಒಂದಿತ್ತು. ಸೇರಿದ ಮೇಲೂ ಅವನು ಪ್ರತಿ ಸಂಜೆ ಮರಕ್ಕೆ ನೇತುಬೀಳುವುದನ್ನು ಬಿಡಲಿಲ್ಲ. ರಜೆ ಬಂದರೆ ಬೀಗ ಹಾಕಿದ ಶಾಲೆಯ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ನಾಲ್ಕನೇ ಕ್ಲಾಸಿನಲ್ಲಿ ಒಂದು ದಿನ ಅವಳು, ಇನ್ನೂ ಯಾಕೋ ತೂಗಾಡ್ತೀಯ ಎಂದು ಕೇಳಿದಾಗಲೇ ಗೊತ್ತಾದದ್ದು: ಪ್ರತಿ ರಜೆ ಮುಗಿದಾಗಲೂ ಕಿವಿ ಮುಟ್ಟಿಸಿ ನೋಡುತ್ತಾರೆ ಎಂದು ಅವನು ತಿಳಿದಿದ್ದ. ಒಂದು ಸಲ ಮುಟ್ಟಿದರೆ ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ನಾನೂ ಹೇಳಿರ್ಲಿಲ್ಲ," ಎಂದಳು. "ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ. ಅಲ್ಲಿ ಬಾಗಿಲಲ್ಲಿ ಕೈ ಎತ್ತು ಅಂದ್ರೆ ಎತ್ಬೇಡ. ಆಗ್ಲೇ ಆಗಿದೆ ಅನ್ನು."

ಅವಳು ಹಿಂದೆ ಸರಿದಳು. ಒಟೂ ಇನ್ನು ಮುಚ್ಚಬಹುದು ಎಂಬಂತೆ ಎಬೋ ಕಡೆ ನೋಡಿದ. ಎಬೋ ಮುಚ್ಚಳವನ್ನು ಎತ್ತುವ ಬದಲು ಗೋಡೆಗೆ ಸರಿಯಾಗಿ ಒರಗಿಸಿಟ್ಟು, ಕೈ ಒರೆಸಿಕೊಂಡು ಪೆಟ್ಟಿಗೆಯ ಹತ್ತಿರ ಬಂದ. ಐವತ್ತು ದಾಟಿದ ಆಸಾಮಿ, ಕುಲದವನಲ್ಲ. ಆದರೆ ಅವನು ಆಗಲೇ ಸತ್ತವನ ಜೊತೆ ಮಾತು ಶುರುಮಾಡಿಬಿಟ್ಟಿದ್ದರಿಂದ ತಡೆಯುವಂತಿರಲಿಲ್ಲ.

"ಸಾರ್, ನಾನು ಎಬೋ. ನೀವು ಇಲ್ಲಿ ಹೆಡ್ ಮೇಷ್ಟ್ರಾಗಿದ್ದಾಗ ಸೇರ್ಕೊಂಡೋನು. ನನ್ನ ಕೈ ಮುಟ್ಟಿರ್ಲಿಲ್ಲ ಸಾರ್. ನೀವು ಏನೋ ಮಾತಾಡಿಸ್ತಾ ಒಂದು ಬೆರಳಲ್ಲಿ ನನ್ನ ತಲೆ ಹೀಗೆ ತಳ್ಳಿದ್ರಿ. ಮುಟ್ತು ಅಂದ್ರಿ. ನಾನು ಇವತ್ತಿನವರ್ಗೂ ಯಾರಿಗೂ ಹೇಳಿಲ್ಲ. ಹೇಳಿದ್ರೆ ತೆಗೆದುಹಾಕ್ತಾರೇನೋ ಅಂತ."

ಇದು ಅರಾಬಾಳಿಗೂ ಗೊತ್ತಿರಲಿಲ್ಲ. ಅವಳು ತಮ್ಮನ ಮುಖ ನೋಡಿದಳು. ಅವನು ಕೇಳಿಸಿಕೊಳ್ಳುತ್ತಿರುವ ಹಾಗೇ ಇದ್ದ.

ಮೂಲೆಯ ಕುರ್ಚಿಯಲ್ಲಿದ್ದ ಒಬ್ಬ ಮುದುಕಿ, ಪರೀಕ್ಷೆಗೆಂಬಂತೆ, ಬಲಗೈಯನ್ನು ತಲೆಯ ಮೇಲಿಂದ ತಂದು ಕಿವಿ ಮುಟ್ಟಿಕೊಂಡಳು. ಪಕ್ಕದವಳೂ ಮಾಡಿದಳು. ಸೂತಕದ ಕೆಂಪು ಕಪ್ಪು ಬಟ್ಟೆಯ ಹಿರಿಯರು ಸಾಲಾಗಿ ಕೈ ಎತ್ತಿದರು. ಆ ವಯಸ್ಸಿನವರೆಲ್ಲ ಹಾಗೇ ಶಾಲೆ ಸೇರಿದವರು, ಇಲ್ಲವೇ ಹಾಗೇ ಮನೆಗೆ ಹೋದವರು. ಒಟೂ ಅತ್ತಿತ್ತ ನೋಡಿ ತಾನೂ ಎತ್ತಿದ, ಮುಟ್ಟಿತು, ಸ್ವಲ್ಪ ಹೆಮ್ಮೆಯಾದಂತೆ ಕಂಡಿತು. ಅರಾಬಾಳ ಭುಜ ವಾತದಿಂದ ಹಿಡಿದುಕೊಂಡಿದ್ದರಿಂದ ಕೈ ನೆತ್ತಿಯಲ್ಲೇ ನಿಂತಿತು. ಕ್ವಾನ್ಸಾ ಮೇಷ್ಟ್ರು ಇದ್ದಿದ್ದರೆ ಅವಳನ್ನು ಮನೆಗೆ ಕಳಿಸುತ್ತಿದ್ದರು. ಬಿಷಪ್ಪರು ಬಾಗಿಲಿಗೆ ಬಂದು, ಒಳಗಿನ ನೋಟ ನೋಡಿ, ಇದು ಕುಲದ ಯಾವುದೋ ವಿಧಿಯಿರಬೇಕೆಂದು ಟೋಪಿ ತೆಗೆದು ನಿಂತರು.

ಪೆಟ್ಟಿಗೆಯ ಕಾಲ ಬಳಿ ಎಕೋ ಒಬ್ಬನೇ ಕೈ ಇಳಿಬಿಟ್ಟು ನಿಂತಿದ್ದ. ನಲವತ್ತೆಂಟರ ವಕೀಲ. ಅವನ ಕೋಟಿನ ತೋಳನ್ನು ಅರಾಬಾ ಆಗಷ್ಟೇ ಗಮನಿಸಿದಳು. ಒಳಕ್ಕೆ ಮಡಚಿ ಹೊಲಿದಿತ್ತು. ಆಕ್ರಾದ ಯಾವನೋ ದರ್ಜಿಯ ಕೆಲಸ, ಪರವಾಗಿಲ್ಲ.

"ಎತ್ತು," ಎಂದಳು.

ಅವನು ಬಲಗೈ ಎತ್ತಿ ತಲೆಯ ಮೇಲಿಂದ ತಂದ. ಬೆರಳು ಕಿವಿಗೆ ಬರುವ ಮೊದಲೇ ನಿಂತಿತು. ಅವನು ಇನ್ನಷ್ಟು ಎಳೆದ. ಮುಖ ಕೆಂಪಾಯಿತು, ಕಣ್ಣಲ್ಲಿ ಅಷ್ಟು ದಿನ ಬಾರದ ನೀರು ಬಂತು, ಬೆರಳು ಬರಲಿಲ್ಲ.

"ಆಗ್ತಿಲ್ಲ ಅತ್ತೆ."

ಅರಾಬಾ ಅವನ ಹತ್ತಿರ ಹೋಗಿ, ಒಂದು ಬೆರಳಿನಿಂದ ಅವನ ತಲೆಯನ್ನು ಸ್ವಲ್ಪ ತಳ್ಳಿದಳು.

"ಮುಟ್ತು," ಎಂದಳು. "ಸೋಮವಾರ ಬಾ."